ಕೊರಳು ಹೊಲ

ನೆಲವನ್ನು ಉಳದೆ ಬಿಟ್ಟರೆ ಏನಾಗುತ್ತದೆ? ಒಂದು ವರ್ಷ ಬಿಟ್ಟರೆ ಕಸ ಬೆಳೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಗುಡ್ಡದ ಬುಡದಿಂದ ಹಳ್ಳದ ದಂಡೆಯವರೆಗೆ ಹದಿನೈದು ವರ್ಷ ಯಾರ ಹೊಲಕ್ಕೂ ನೇಗಿಲು ತಾಗಿಸದೆ, ಕೊಯ್ದ ಬೆಳೆಯ ಕೂಳೆಯನ್ನು ಅಲ್ಲೇ ಬಿಟ್ಟು, ಅದರ ನಡುವೆ ಸಣ್ಣ ಸೀಳು ಮಾಡಿ ಬಿತ್ತುತ್ತ ಬಂದರೆ? ಈ ಪ್ರಶ್ನೆಗೆ ಉತ್ತರವನ್ನು ಕಣ್ಣಾರೆ ಕಂಡವರು ನಾವು ಎರಡು ಊರಿನವರು ಮಾತ್ರ.

ನಾನು ರಾಚಯ್ಯ, ಕೊಳ್ಳೇಗಾಲದ ಕಡೆಯವನು. ಮೈಸೂರಿನ ಉಪಕರಣ ಸಂಸ್ಥೆಯೊಂದು ನನ್ನನ್ನು ಕೆಲವು ತಿಂಗಳಿಗೆಂದು ಬಯಲುಸೀಮೆಯ ಈ ಎರೆಮಣ್ಣಿಗೆ ಕಳಿಸಿ ಆಮೇಲೆ ಮರೆತೇಬಿಟ್ಟಿತು. ಇಲ್ಲಿ ಎರಡು ಊರು. ಗುಡ್ಡದ ಬುಡದ ಸಣ್ಣ ಕೆರೆಯ ಪಕ್ಕ ಗುಡ್ಡದಕೊಪ್ಪ. ಇಳಿಜಾರಿನ ಕೊನೆಯಲ್ಲಿ, ವರ್ಷದ ಬಹುಪಾಲು ಒಣಗಿರುವ ಹಳ್ಳದ ಪಕ್ಕ ಹಳ್ಳದಕೊಪ್ಪ. ಮೂರು ಪಕ್ಷಗಳು ಸೇರಿ ಒಡಂಬಡಿಕೆ ಮಾಡಿಕೊಂಡಿದ್ದವು. ಮಣ್ಣಿನ ವಿದ್ಯೆ ಕೃಷಿ ಸಂಶೋಧನಾ ಕೇಂದ್ರದ್ದು, ಯಂತ್ರ ನಮ್ಮ ಸಂಸ್ಥೆಯದು, ಹೊಲಗಳು ಎರಡೂ ಊರಿನ ರೈತರ ಸಂಘದವು. ಸಭೆ ಸೇರಿದರೆ ಮೊದಲರ್ಧ ಹೊತ್ತು ಫಲಕದ ಮೇಲೆ ಯಾರ ಹೆಸರು ಮೇಲಿರಬೇಕು ಎಂಬುದಕ್ಕೇ ಹೋಗುತ್ತಿತ್ತು. ಆದರೂ ಈ ಸಂಸಾರ ಮುರಿಯದೆ ನಡೆಯಿತು. ಅದಕ್ಕೆ ಕಾರಣ ಕೇಂದ್ರದ ಮಣ್ಣು ವಿಜ್ಞಾನಿ ಡಾ. ಶಾಕಿರಾ ಮುಲ್ಲಾ ಅವರ ಹಟ, ಮತ್ತು ಸಂಘದ ಕಾರ್ಯಕರ್ತೆ ದಾನೇಶ್ವರಿಯ ಓಡಾಟ. ಗುಡ್ಡದಕೊಪ್ಪದ ಈ ಹುಡುಗಿ ಹತ್ತಿಳಿಯದ ಬದು ಇರಲಿಲ್ಲ, ಕೂತು ಚಹಾ ಕುಡಿಯದ ಕಟ್ಟೆ ಇರಲಿಲ್ಲ.

ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ಉಳದ ಮಣ್ಣಿನಲ್ಲಿ ಶಿಲೀಂಧ್ರದ ಎಳೆಗಳು ಬೇರಿನಿಂದ ಬೇರಿಗೆ ಹಬ್ಬುತ್ತವೆ. ರೈತರು ಅದನ್ನು ನೂಲು ಎನ್ನುತ್ತಿದ್ದರು, ನಾವೂ ಹಾಗೇ ಕರೆಯಲು ಕಲಿತೆವು. ನೇಗಿಲು ಹೊಡೆದಾಗಲೆಲ್ಲ ನೂಲು ಕಡಿಯುತ್ತದೆ, ಬಿಟ್ಟರೆ ಬೆಳೆಯುತ್ತದೆ. ಆ ನೂಲಿನಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ ಮಿಡಿತವನ್ನು ಹಿಡಿಯುವ ಇಂಗಾಲದ ಕಡ್ಡಿಯೇ ನಮ್ಮ ಯಂತ್ರ. ಅದು ಮಣ್ಣಿನ ತೇವವನ್ನೂ ಅಳೆಯುತ್ತಿತ್ತು. ಹೊಲಕ್ಕೊಂದರಂತೆ ಮೊಳದಾಳಕ್ಕೆ ಹೂತಿದ್ದೆವು. ಅದಕ್ಕೆ ಮಣ್ಣುಗಿವಿ ಎಂದು ಹೆಸರಿಟ್ಟವಳು ದಾನೇಶ್ವರಿ. ಕೇಂದ್ರದ ಹಳೆಯ ಗೋದಾಮೇ ನಿಯಂತ್ರಣ ಕೊಠಡಿ. ಅಲ್ಲಿ ಗೋಡೆಯಗಲದ ಪರದೆಯ ಮೇಲೆ ಪ್ರತಿ ಹೊಲಕ್ಕೂ ಒಂದು ಹಸಿರು ಚುಕ್ಕೆ.

ವರ್ಷಗಟ್ಟಲೆ ಚುಕ್ಕೆಗಳು ತಮ್ಮ ಪಾಡಿಗೆ ತಾವು ಮಿಣುಕುತ್ತಿದ್ದವು. ಒಂದು ಮುಂಜಾನೆ ಎಲ್ಲವೂ ಒಂದೇ ತಾಳಕ್ಕೆ ಮಿಡಿದವು. ಕೆರೆಯ ಪಕ್ಕದಲ್ಲಿ ಹುಟ್ಟಿದ ಮಿಡಿತ ಹೊಲದಿಂದ ಹೊಲಕ್ಕೆ ದಾಟುತ್ತ ಇಳಿದು, ಹಳ್ಳದ ದಂಡೆ ಮುಟ್ಟಿ, ತಿರುಗಿ ಮೇಲೆ ಬಂತು. ಮತ್ತೆ ಇಳಿಯಿತು, ಮತ್ತೆ ಬಂತು. ಮನೆಯ ಹಿರಿಯರು ಒಳಗೆ ಬಂದಾಗ ನಿಲ್ಲುವ ಹಾಗೆ ಶಾಕಿರಾ ಮೇಡಂ ಕುರ್ಚಿಯಿಂದ ಎದ್ದು ನಿಂತರು.

"ರಾಚಯ್ಯ, ನಾವು ಇಷ್ಟು ದಿನ ಹೊಲ ಎಣಿಸಾಕತ್ತಿದ್ವಿ. ಇದು ಒಂದ ಜೀವ ಐತಿ ನೋಡ್ರಿ" ಎಂದರು. ನಾನು ಯಂತ್ರದವನು, ಇಂಥದ್ದಕ್ಕೆಲ್ಲ ಸುಲಭವಾಗಿ ಬಗ್ಗುವವನಲ್ಲ, ಆದರೂ ಅಂದು ಕೈಗಳು ತಾವಾಗಿ ಜೋಡಿಕೊಂಡವು.

ಆ ಜೀವ ಏನು ಮಾಡುತ್ತಿದೆ ಎಂಬುದು ಮುಂದಿನ ಹಿಂಗಾರಿನಲ್ಲಿ ತಿಳಿಯಿತು. ಬಿತ್ತನೆಯಾದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಕೆರೆಯ ಜೌಗಿನಿಂದ ಗುಡ್ಡದಕೊಪ್ಪದ ಮಣ್ಣಿನಲ್ಲಿ ತೇವ ಇತ್ತು, ಹಳ್ಳದಕೊಪ್ಪದಲ್ಲಿ ಇರಲಿಲ್ಲ. ಆದರೂ ಹಳ್ಳದಕೊಪ್ಪದ ಜೋಳ ಎದೆಮಟ್ಟಕ್ಕೆ ನಿಂತಿತ್ತು. ನೂಲು ಒಯ್ಯುವ ನೀರು ಲೆಕ್ಕಕ್ಕೇ ಬಾರದಷ್ಟು ಎಂದು ನಾವು ಓದಿದ್ದೆವು. ಒಂದೆರಡು ಗಿಡದ ನಡುವೆ ಅದು ನಿಜವೇ. ಇಲ್ಲಿ ಇಡೀ ಇಳಿಜಾರು ಹದಿನೈದು ವರ್ಷ ಹೆಣೆದ ನೂಲಿತ್ತು. ಪ್ರತಿ ಬೆಳಗಿನ ಜಾವ ತೇವ ಮೇಲಿನ ಊರಿನಿಂದ ಕೆಳಗಿನ ಊರಿಗೆ ನಡೆದು ಹೋಗುತ್ತಿತ್ತು.

ಹಳ್ಳದಕೊಪ್ಪದ ಹಿರಿಯ ಅಂದಾನಗೌಡರಿಗೆ ಇದರಲ್ಲಿ ನಂಬಿಕೆ ಅರ್ಧವೇ. ಮಳೆ ಕೈಕೊಟ್ಟ ಕೂಡಲೇ ಅವರ ಊರಿನವರು ಎಳೆಯ ಜೋಳವನ್ನು ಮೇವಿಗೆ ಕೊಯ್ದು, ಒಡಂಬಡಿಕೆಯಿಂದ ಹೊರಬಿದ್ದು, ಹೊಲ ಉಳಲು ಹೊರಟಿದ್ದರು. ದಾನೇಶ್ವರಿ ಅವರ ಕಟ್ಟೆಯ ಮೇಲೆ ಕೂತು, "ರಂಟಿ ಹೂಡಬ್ಯಾಡ್ರಿ ಗೌಡ್ರ, ಬೆಳಿ ನಿಲ್ಲತೈತಿ. ನನ್ನ ಮಾತಿನ ಮ್ಯಾಲ ಬಿಡ್ರಿ" ಎಂದಿದ್ದಳು. ಅವರು ಬಿಟ್ಟರು. ಆ ವರ್ಷ ಒಂದಿಡೀ ಊರಿನ ರೊಟ್ಟಿ ಆ ಹುಡುಗಿಯ ಮಾತಿನ ಮೇಲೆ ನಿಂತಿತ್ತು.

ಇನ್ನೊಂದು ವಿಷಯ ಮೇಡಂಗೂ ನನಗೂ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಎರಡು ಊರಿನ ಹೊಲಗಳ ನಡುವೆ ಒಂದು ಕಡೆ ರೈಲು ಹಳಿಯ ಏರಿ, ಇನ್ನೊಂದು ಕಡೆ ಕಲ್ಲಿನ ಕ್ವಾರಿ. ಮಧ್ಯೆ ಉಳಿದದ್ದು ಒಂದೇ ಹೊಲ, ದಾನೇಶ್ವರಿಯ ಅಪ್ಪ ಸಂಗನಬಸಪ್ಪನವರದು. ಮೇಲಿನ ನೂಲು ಕೆಳಗಿನ ನೂಲನ್ನು ಸೇರುವುದು ಅಲ್ಲೊಂದೇ ಕಡೆ. ನಾವು ಅದನ್ನು ಕೊರಳು ಹೊಲ ಎನ್ನುತ್ತಿದ್ದೆವು. ರೈತರಿಗೆ ಹೇಳಿದರೆ ಅವರು ಕೊರಳಿಗೆ ಬೆಲೆ ಕಟ್ಟಬಹುದು ಎಂದು ಕೇಂದ್ರವೂ ನಮ್ಮ ಸಂಸ್ಥೆಯೂ ಸೇರಿ ಸಂಘಕ್ಕೆ ತಿಳಿಯದಂತೆ ನಕ್ಷೆಯನ್ನು ಗುಟ್ಟಾಗಿಟ್ಟಿದ್ದವು. ಇಂಥ ಬುದ್ಧಿ ಬರಬೇಕಾದರೆ ಹವಾನಿಯಂತ್ರಿತ ಕೋಣೆಯೇ ಆಗಬೇಕು.

ಆ ಹೊತ್ತಿಗೆ ದಾನೇಶ್ವರಿಗೆ ಸಂಬಂಧ ಬಂತು. ವರ ಅಂದಾನಗೌಡರ ಮಗ ಕಳಕೇಶ. ಇಬ್ಬರೂ ಸಂಘದ ಕೆಲಸದಲ್ಲಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆದರೆ ಗೌಡರ ಮನೆಯಲ್ಲಿ ಕೊನೆಯ ಮಾತು ಅವರ ಅಕ್ಕ ಚನ್ನಮಲ್ಲವ್ವನದು. ಕಾಲುವೆ ಕಡೆಯ ಊರಿಗೆ ಕೊಟ್ಟ ಹೆಣ್ಣುಮಗಳು, ನಮ್ಮ ಪ್ರಯೋಗದ ಗಾಳಿಯೂ ತಾಗದವಳು. ಈ ಸೀಮೆಯ ಪದ್ಧತಿ ಏನೆಂದರೆ ಬೀಗರು ಮನೆ ನೋಡುವ ಮೊದಲು ಹೊಲ ನೋಡುತ್ತಾರೆ. ಕಸಕಡ್ಡಿಯಿಲ್ಲದೆ ಉತ್ತು ಹರಗಿದ ಕರಿ ಹೊಲ ಕಂಡರೆ ಮನೆತನ ಗಟ್ಟಿ. ಹೊಲದಲ್ಲಿ ಕೂಳೆ ನಿಂತಿದ್ದರೆ ಯಜಮಾನ ಮೈಗಳ್ಳ. ಒಳಗೆ ಹೋಗಿ ತಾಂಬೂಲ ಮುಟ್ಟುವ ಮಾತೇ ಇಲ್ಲ.

ನಾನು ಊಟಕ್ಕೆ ಹೋಗುತ್ತಿದ್ದುದು ಸಂಗನಬಸಪ್ಪನವರ ಮನೆಗೇ. ಬೀಗರು ಬರುವ ಸುದ್ದಿ ತಿಳಿದ ದಿನ ಅವರು ರೊಟ್ಟಿ ಮುರಿಯುವುದನ್ನೇ ಮರೆತು ಕೂತಿದ್ದರು.

"ದಾರಿ ಪಕ್ಕದ ಪಟ್ಟಿ ನೋಡಿದ್ರ ನನಗ ನಾಚಿಕಿ ಬರತೈತಿ" ಎಂದರು. ದಾರಿಯ ಉದ್ದಕ್ಕೂ ಅವರು ಮುಂಗಾರಿಗೆ ಹೆಸರುಕಾಳು ಬೆಳೆದು ಆಮೇಲೆ ಬಿತ್ತದೆ ಬಿಟ್ಟ ಒಂದು ಪಟ್ಟಿ ಇತ್ತು. ಅದರ ತುಂಬ ಕೂಳೆ, ಒಣ ಎಲೆ.

"ಇಷ್ಟು ವರ್ಷ ಬರಲಾರದ ನಾಚಿಕಿ ಈಗೇನು" ಎಂದು ಅವರ ಹೆಂಡತಿ ನೀಲಗಂಗವ್ವ ಒಲೆಯ ಮುಂದಿನಿಂದಲೇ ಕೇಳಿದರು.

"ಇಷ್ಟು ವರ್ಷ ಮಗಳನ್ನ ನೋಡಾಕ ಯಾರು ಬಂದಿದ್ರು?"

ನಾನು ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ನಗುತ್ತ ಕೂತಿದ್ದೆ. ಆ ಪಟ್ಟಿ ರೈಲು ಏರಿಯಿಂದ ಕ್ವಾರಿಯವರೆಗೆ ಹೊಲವನ್ನು ಪೂರ್ತಿ ಅಡ್ಡ ಹಾಯುತ್ತದೆ ಎಂದು ನನಗೆ ಆಗ ಹೊಳೆಯಲೇ ಇಲ್ಲ.

ಬೀಗರು ಬರುವ ದಿನ ಬೆಳಿಗ್ಗೆ ನಾನು ಗೋದಾಮಿನ ಬಾಗಿಲು ತೆರೆದಾಗ ಪರದೆಯ ಕೆಳಗಿನ ಅರ್ಧ ಹಳದಿಯಾಗಿತ್ತು. ಗುಡ್ಡದಕೊಪ್ಪದ ಚುಕ್ಕೆಗಳು ಒಟ್ಟಿಗೆ ಮಿಡಿಯುತ್ತಿದ್ದವು. ಮಿಡಿತ ಇಳಿದು ಬಂದು ಕೊರಳಿನ ಹತ್ತಿರ ನಿಲ್ಲುತ್ತಿತ್ತು, ಮತ್ತೆ ಇಳಿದು ಬಂದು ಮತ್ತೆ ನಿಲ್ಲುತ್ತಿತ್ತು. ಹಳ್ಳದಕೊಪ್ಪದ ಚುಕ್ಕೆಗಳು ದಾರಿ ತಪ್ಪಿದ ದನಗಳಂತೆ ಒಂದೊಂದೂ ಒಂದೊಂದು ಹೊತ್ತಿಗೆ ಮಿಣುಕುತ್ತಿದ್ದವು. ತಂತಿ ಹೋಗಿರಬೇಕು ಎಂದು ನಾನು ಕಡ್ಡಿಗಳನ್ನು ಪರೀಕ್ಷಿಸುತ್ತ ಕೂತೆ. ಶಾಕಿರಾ ಮೇಡಂ ಪರದೆ ನೋಡಿದವರೇ ಬೈಕಿನ ಕೀಲಿ ಎತ್ತಿಕೊಂಡರು.

ಸಂಗನಬಸಪ್ಪನವರು ದಾರಿಯ ಪಕ್ಕದಲ್ಲೇ ನಿಂತಿದ್ದರು. ಇಸ್ತ್ರಿ ಧೋತರ, ತಲೆಗೆ ಸುತ್ತಿದ ಹೊಸ ಪಟಕ. ಪಕ್ಕದ ಮನೆಯ ಎತ್ತು ತಂದು ಹಿಂದಿನ ದಿನ ಪಟ್ಟಿಯನ್ನು ಆಳವಾಗಿ ಉತ್ತು, ಕುಂಟೆ ಹೊಡೆದು, ಕೂಳೆಯೆಲ್ಲ ಆರಿಸಿ ಸುಟ್ಟಿದ್ದರು. ಕಾಡಿಗೆ ಬಳಿದಂತೆ ಮಣ್ಣು ಹೊಳೆಯುತ್ತಿತ್ತು. ಚೆನ್ನಾಗಿತ್ತು ಎಂದೇ ಹೇಳಬೇಕು.

"ಹೆಂಗೈತ್ರಿ ಮೇಡಂ? ಬರೇ ದಾರಿ ಪಟ್ಟಿ ಅಷ್ಟ. ಒಳಗ ಒಂದು ಗೆರಿ ಸೈತ ಎಳಿದಿಲ್ಲ" ಎಂದರು.

ಮೇಡಂ ಪಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ಹೆಂಟೆ ಒಡೆದರು. ಬಿಳಿಯ ನೂಲು ತುಂಡು ತುಂಡಾಗಿ ಉದುರಿತು. ಅಷ್ಟರಲ್ಲಿ ದಾನೇಶ್ವರಿಯೂ ಬಂದಳು, ರೇಷ್ಮೆ ಸೀರೆಯಲ್ಲೇ. ಮೇಡಂ ಕೊರಳಿನ ಸಂಗತಿಯನ್ನು ಮುಚ್ಚಿಡದೆ ಹೇಳಿದರು.

"ಇದು ನಿಮಗ ಮೊದಲ ಗೊತ್ತಿತ್ತೇನ್ರಿ?" ದಾನೇಶ್ವರಿ ಕೇಳಿದಳು.

"ಗೊತ್ತಿತ್ತವ್ವಾ."

"ನಾ ಊರ ಮಂದಿಗೆಲ್ಲ ಮಾತು ಕೊಟ್ಕೊಂತ ತಿರಗ್ಯಾಡಾಕತ್ತೀನಿ, ನನಗ ಹೇಳಲಾರದಷ್ಟು ನಾ ಏನು ಹೊರಗಿನಾಕಿ?"

ಸಂಗನಬಸಪ್ಪನವರು ಪಟಕ ತೆಗೆದು ಕೈಯಲ್ಲಿ ಹಿಡಿದು, ತಾವು ಉತ್ತ ಮಣ್ಣನ್ನೇ ನೋಡುತ್ತ ನಿಂತರು.

ಬೀಗರು ಬಂದರು. ಚನ್ನಮಲ್ಲವ್ವ ಗಾಡಿಯಿಂದಿಳಿದು ಪಟ್ಟಿಯನ್ನು ಕಣ್ತುಂಬ ನೋಡಿ, "ಹೊಲ ಅಂದ್ರ ಹಿಂಗಿರಬೇಕು ನೋಡು ತಮ್ಮಾ. ಈ ಮನಿ ಹೆಣ್ಣು ತರಾಕ ಅಡ್ಡಿಯಿಲ್ಲ" ಎಂದಳು. ಅಷ್ಟೇ ಆಗಿದ್ದರೆ ಸಕ್ಕರೆ ಹಂಚಿ ಮುಗಿಯುತ್ತಿತ್ತು. ದಾನೇಶ್ವರಿ ಮುಂದೆ ಬಂದು ಅಂದಾನಗೌಡರಿಗೆ ಕೈ ಮುಗಿದಳು.

"ಗೌಡ್ರ, ಈ ಹೊಲ ಚಂದ ಕಾಣಾಕತ್ತಿದ್ದು ನಿಮ್ಮ ಊರ ಜ್ವಾಳದ ಜೀವ ತಗದು. ನಾಳಿ ನಾಡಿದ್ದು ಎಲಿ ಸುರುಳಿ ಸುತ್ತತಾವು. ನಮ್ಮಪ್ಪಗ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ."

ಕಳಕೇಶ ಏನೋ ಹೇಳಲು ಬಾಯಿ ತೆರೆದ, ಗೌಡರು ಕೈಯೆತ್ತಿ ತಡೆದರು. "ಬರೂ ಅಮಾಸಿ ಮಟಾ ನೋಡ್ತೀವಿ. ಅಷ್ಟರಾಗ ಎದ್ರ ಎದ್ದೀತು. ಇಲ್ಲಂದ್ರ ಇದ್ದದ್ದು ಕೊಯ್ದು ದನಕ್ಕ ಹಾಕಿ, ಇಡೀ ಊರು ರಂಟಿ ಹೂಡ್ತೀವಿ. ಆಮ್ಯಾಲ ನಿಮ್ಮ ಒಡಂಬಡಿಕಿ ನಿಮ್ಮ ಹತ್ರ" ಎಂದರು. ಮದುವೆಯ ಮಾತು ಯಾರೂ ಎತ್ತಲಿಲ್ಲ, ಮಾಡಿಟ್ಟ ಹೋಳಿಗೆ ಹಾಗೇ ಉಳಿಯಿತು.

ಆ ಸಂಜೆ ಮೂರೂ ಪಕ್ಷಗಳ ಆನ್‌ಲೈನ್ ಸಭೆ. ನಮ್ಮ ನಿರ್ದೇಶಕರು ತನಿಖಾ ಸಮಿತಿ ಬೇಕೆಂದರು, ಕೇಂದ್ರದವರು ಅದರ ಅಧ್ಯಕ್ಷತೆ ತಮಗೆ ಬೇಕೆಂದರು. ಶಾಕಿರಾ ಮೇಡಂ ಫೋನನ್ನು ನೀಲಗಂಗವ್ವನ ಅಡುಗೆಮನೆಯ ಗೂಡಿನಲ್ಲಿಟ್ಟು, ಆ ಮಾತುಗಳೆಲ್ಲ ನಡೆಯುತ್ತಿರುವಾಗಲೇ, ಪಕ್ಕದ ಮನೆಯಿಂದ ಹೆಪ್ಪು ಕೇಳಲು ಬಂದ ಹೆಣ್ಣುಮಗಳಿಗೆ ನೀಲಗಂಗವ್ವ ಒಂದು ಸೌಟು ಮೊಸರು ಹಾಕುವುದನ್ನು ನೋಡುತ್ತಿದ್ದರು. ನೋಡುತ್ತ ನೋಡುತ್ತ ಎದ್ದು ನಿಂತರು.

"ಹೆಪ್ಪು ಹಾಕೂಣು ರಾಚಯ್ಯ" ಎಂದರು. "ಎರಡೂ ಕಡೆಯಿಂದ ನೂಲು ಇದ್ದ ಹೆಂಟಿ, ಬೇರು ಸಮೇತ, ಅಲುಗಾಡಲಾರದಂಗ ಕೊರದು ತರೂಣು. ಪಟ್ಟಿ ತುಂಬ ಸಾಲು ಸಾಲಾಗಿ, ಈ ಅಂಚಿನಿಂದ ಆ ಅಂಚಿನ ಮಟಾ ಹೂಳೂಣು. ಒಂದು ಹೆಂಟಿಯಿಂದ ಇನ್ನೊಂದು ಹೆಂಟಿಗೆ ಗೇಣು ದೂರ. ಅಷ್ಟು ಅದು ದಾಟತೈತಿ."

ಮರುದಿನ ಗುಡ್ಡದಕೊಪ್ಪದ ಪ್ರತಿ ಮನೆಯಿಂದ ಬುಟ್ಟಿಗಳು ಹೊರಟವು. ನೀಲಗಂಗವ್ವ ಮುಂದೆ, ಉಳಿದವರು ಹಿಂದೆ, ತಲೆಯ ಮೇಲೆ ಒದ್ದೆ ಗೋಣಿ ಮುಚ್ಚಿದ ಮಣ್ಣು. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಕಳಕೇಶ ಟ್ರ್ಯಾಕ್ಟರ್ ಟ್ರೇಲರ್ ತುಂಬ ಹಳ್ಳದಕೊಪ್ಪದ ಹೆಂಟೆ ತಂದ. ಅಪ್ಪನನ್ನು ಕೇಳಿ ತಂದನೋ ಇಲ್ಲವೋ ನಾವು ವಿಚಾರಿಸಲಿಲ್ಲ. ಸಂಗನಬಸಪ್ಪನವರು ಮೊಣಕಾಲೂರಿ ಒಂದೊಂದೇ ಹೆಂಟೆಯನ್ನು ಹೂತು, ಎರಡೂ ಕೈಯಿಂದ ಒತ್ತಿ, ಮೇಲೆ ಕೂಳೆ ಹರವಿ, ಕೊಡದಿಂದ ನೀರು ಚಿಮುಕಿಸಿದರು. ಯಾರು ಎಷ್ಟು ಹೇಳಿದರೂ ಆ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಕೊಠಡಿಯಲ್ಲಿ ಕೂತು ನೋಡಿದೆ. ಕೆಳಗಿನ ಅರ್ಧ ಬೆಳಗುವುದಿರಲಿ, ಮೇಲಿನ ಅರ್ಧವೂ ಮಂಕಾಗತೊಡಗಿತು. ಗುಡ್ಡದ ಬುಡದ ಚುಕ್ಕೆಗಳು ಮೊದಲು, ಆಮೇಲೆ ಕೆರೆಯ ಪಕ್ಕದವು. ನಾವು ಹೆಪ್ಪಿನ ಜೊತೆ ಯಾವುದೋ ರೋಗ ತಂದಿಟ್ಟೆವೆಂದು ನಾನು ಮೇಡಂ ಅವರನ್ನು ಕೂಗಿ ಕರೆದೆ. ಮೇಡಂ ತೇವದ ನಕ್ಷೆಯನ್ನು ಪರದೆಗೆ ಎಳೆದರು. ಹಾಗೆ ಎಳೆದ ಕೈ ಅಲ್ಲೇ ನಿಂತಿತು.

ಬೆಳಗಿನ ಜಾವ ಮಾತ್ರ ನಡೆಯುತ್ತಿದ್ದ ತೇವ ಈಗ ಹಾಡುಹಗಲಲ್ಲಿ ನಡೆಯುತ್ತಿತ್ತು. ಮೇಲಿನ ಎಲ್ಲ ಹೊಲಗಳಿಂದ, ಕೊರಳಿನ ಕಡೆಗೆ. ಗುಡ್ಡದ ಬುಡದ ನೂಲು ತನ್ನ ಬೆಳವಣಿಗೆಯನ್ನೇ ನಿಲ್ಲಿಸಿ ಇದ್ದಬದ್ದದ್ದನ್ನೆಲ್ಲ ಕೆಳಗೆ ಕಳಿಸುತ್ತಿತ್ತು. ಗಾಯ ಎಲ್ಲಿದೆ ಎಂದು ಅದಕ್ಕೆ ಗೊತ್ತಿತ್ತು. ಅದಕ್ಕೆ ಕಣ್ಣಿಲ್ಲ, ಮಿದುಳಿಲ್ಲ, ನಮ್ಮ ಯಾವ ಸಂಸ್ಥೆಯೂ ಅದರಿಂದ ಸಹಿ ಹಾಕಿಸಿಕೊಂಡಿರಲಿಲ್ಲ. ಆದರೂ ಅಷ್ಟು ದೊಡ್ಡ ಮೈ ತನ್ನ ಅರ್ಧ ಭಾಗಕ್ಕಾಗಿ ಹಸಿದುಕೊಂಡು ಕೂತಿತ್ತು. ಮೇಡಂ ಅಳುತ್ತಿದ್ದರು, ನಾನೂ ಅತ್ತೆ.

ಆದರೆ ಅದು ಕಳಿಸುತ್ತಿದ್ದುದು ಗುಡ್ಡದಕೊಪ್ಪದವರ ಬೆಳೆಯ ನೀರು. ಬಂದ ನೀರನ್ನೆಲ್ಲ ಗಾಯ ಹೆಣೆಯುವ ನೂಲೇ ಹೀರಿ ಕೊರಳಿನ ಸುತ್ತಲಿನ ಜೋಳ ಜೋತುಬಿತ್ತು, ಎಲ್ಲಕ್ಕಿಂತ ಮೊದಲು ಸಂಗನಬಸಪ್ಪನವರದು. ಪಟ್ಟಿಯ ಮೇಲ್ಗಡೆ ಒಂದು ಕಾಲುವೆ ತೋಡಿದರೆ ಸಾಕು, ನೂಲು ತುಂಡಾಗಿ ಮೇಲಿನ ನೀರು ಮೇಲೇ ಉಳಿಯುತ್ತಿತ್ತು. ಈ ಸಲ ನಾವು ಗುಟ್ಟು ಮಾಡಲಿಲ್ಲ. ದಾನೇಶ್ವರಿ ಸಂಘದ ಪಡಸಾಲೆಯಲ್ಲಿ ನಕ್ಷೆಯನ್ನು ಬಿಚ್ಚಿ ಎಲ್ಲವನ್ನೂ ಹೇಳಿದಳು. ಗುದ್ದಲಿ ತರೋಣ ಎಂದವರೂ ಇದ್ದರು, ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಸಂಗನಬಸಪ್ಪನವರು ಎದ್ದು ನಿಂತರು. "ತಪ್ಪು ನಂದು, ಮೊದಲ ಒಣಗೂದು ನಂದ ಆಗ್ಲಿ. ಆದ್ರ ಒಂದು ಮಾತು ಕೇಳ್ರಿ. ಮಣ್ಣು ತಾನ ಕೊಡಾಕತ್ತೈತಿ. ನಾವು ನಡುವ ಹೋಗಿ ಕೈ ಹಿಡದು, ಕೊಡಬ್ಯಾಡ ಅನ್ನೂದು ನನಗ ಆಗೂದಿಲ್ಲ" ಎಂದರು. ಪಡಸಾಲೆಯಲ್ಲಿ ಗದ್ದಲವಾಯಿತು, ಚಹಾ ಆಯಿತು, ಮತ್ತೆ ಗದ್ದಲವಾಯಿತು. ಕೊನೆಗೆ ಯಾರೂ ಗುದ್ದಲಿ ತರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನಾವೆಲ್ಲ ಹಳ್ಳದಕೊಪ್ಪದಲ್ಲಿದ್ದೆವು. ಊರಿನ ಎತ್ತುಗಳು ನೊಗ ಹೊತ್ತು ಬದುಗಳ ಮೇಲೆ ಸಾಲಾಗಿ ನಿಂತಿದ್ದವು. ಜೋಳದ ಎಲೆಗಳು ಸುರುಳಿ ಸುತ್ತಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಅಂದಾನಗೌಡರು ಕುಡುಗೋಲು ಹಿಡಿದು ತಮ್ಮ ಹೊಲದ ಮೂಲೆಯಲ್ಲಿದ್ದರು. ನಾನು ಕೈಯಲ್ಲಿ ಹಿಡಿಯುವ ಸಣ್ಣ ಮಣ್ಣುಗಿವಿಯನ್ನು ಅವರ ಪಕ್ಕ ನೆಲಕ್ಕೆ ಚುಚ್ಚಿ, ಸದ್ದು ಎಲ್ಲರಿಗೂ ಕೇಳುವಂತೆ ಮಾಡಿದೆ. ಬರೀ ಸರಪರ. ಬಿಸಿಲು ಏರಿತು, ಸರಪರವೇ. ಗೌಡರು ದಾನೇಶ್ವರಿಯ ಮುಖ ನೋಡಿದರು, ಅವಳು ತಲೆ ತಗ್ಗಿಸಲಿಲ್ಲ.

"ಸಾಕವ್ವಾ, ನೀ ಮಾಡೂದೆಲ್ಲ ಮಾಡಿದಿ" ಎಂದು ಗೌಡರು ಮೊದಲ ಬುಡಕ್ಕೆ ಕೈ ಹಾಕಿ ಬಗ್ಗಿದರು.

ಆಗ ಸದ್ದು ಬದಲಾಯಿತು. ದೂರದಲ್ಲಿ ಯಾರೋ ಒನಕೆಯಿಂದ ಕುಟ್ಟಿದ ಹಾಗೆ ಒಂದು ಗುದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಗೌಡರು ಬಗ್ಗಿದವರು ಬಗ್ಗಿದಂತೆಯೇ ನಿಂತರು. ಗೋದಾಮಿನಿಂದ ಮೇಡಂ ಫೋನು ಮಾಡಿ, "ದಾಟಿತು ರಾಚಯ್ಯ, ಹಳ್ಳ ಮುಟ್ಟಿ ಮ್ಯಾಲ ಹೊಂಟೈತಿ" ಎಂದಷ್ಟೇ ಹೇಳಿದರು. ಗುದ್ದು ಒಂದರ ಹಿಂದೊಂದು ಬರುತ್ತಲೇ ಇತ್ತು. ಹೊತ್ತು ನೆತ್ತಿಗೇರುವ ಮೊದಲು, ನನ್ನ ಕಣ್ಣೆದುರಿಗೇ, ಗೌಡರ ಕೈಯಲ್ಲಿದ್ದ ಗಿಡದ ತುದಿಯೆಲೆ ಸುರುಳಿ ಬಿಚ್ಚತೊಡಗಿತು. ಅದರ ಪಕ್ಕದ್ದೂ ಬಿಚ್ಚಿತು, ಅದರಾಚೆಯದೂ. ಆ ಕಡೆಯ ಬದುವಿನಿಂದ ಈ ಕಡೆಯ ಬದುವಿನವರೆಗೆ ಇಡೀ ಹೊಲ ಮೆಲ್ಲಗೆ ಬಣ್ಣ ಬದಲಿಸಿತು. ಗಾಳಿ ಇರಲಿಲ್ಲ, ಆದರೂ ಜೋಳ ಸದ್ದು ಮಾಡುತ್ತಿತ್ತು.

ಕುಡುಗೋಲು ಗೌಡರ ಕೈಯಿಂದ ಜಾರಿತು. ಅವರು ತಿರುಗಿ ಇಳಿಜಾರಿನ ಮೇಲೆ ನೋಡಿದರು. ಅಲ್ಲಿ, ರೈಲು ಏರಿಯ ಪಕ್ಕ, ಸಂಗನಬಸಪ್ಪನವರ ಜೋಳ ಒಣಗಿ ಬಿಳಿಚಿಕೊಂಡಿರುವುದು ದೂರದಿಂದಲೇ ಕಾಣುತ್ತಿತ್ತು. ಆ ಬೆಳೆ ಇನ್ನು ಏಳುವಂತಿರಲಿಲ್ಲ. ಸಂಗನಬಸಪ್ಪನವರು ಗುಂಪಿನ ಹಿಂದೆ, ಕರೆಯದ ಮನೆಗೆ ಬಂದವರ ಹಾಗೆ ನಿಂತಿದ್ದರು.

ಗೌಡರು ಹೋಗಿ ಅವರ ಎರಡೂ ಕೈ ಹಿಡಿದರು. "ಈ ವರ್ಷ ನಮ್ಮ ರಾಶಿ ನಿನ್ನ ಅಂಗಳದಾಗ ಆಗ್ಲಿ. ನಿನ್ನ ಮನಿ ಕಾಳು ಅದರಾಗ ತಗೋ" ಎಂದರು.

"ಬ್ಯಾಡ್ರಿ ಗೌಡ್ರ. ಇನ್ನ ಮದುವಿ ಮಾತು ಸೈತ ಆಗಿಲ್ಲ, ಯಾವ ಸಂಬಂಧದ ಮ್ಯಾಲ ತಗೊಳ್ಳಲಿ" ಎಂದು ಸಂಗನಬಸಪ್ಪನವರು ಕೈ ಬಿಡಿಸಿಕೊಳ್ಳಲು ನೋಡಿದರು.

ಗೌಡರು ಬಿಡಲಿಲ್ಲ. "ಹುಡುಗ ಹುಡುಗಿ ಮಾತು ಅವರಿಬ್ಬರಿಗೆ ಬಿಟ್ಟದ್ದು. ನಮ್ಮ ಹೊಲ ನಮ್ಮನ್ನ ಕೇಳಲಾರದ ಯಾವಾಗೋ ಬೀಗರಾಗ್ಯಾವ" ಎಂದರು. ಆಮೇಲೆ ಬದುವಿನ ಕಡೆ ತಿರುಗಿ, ನೊಗ ಇಳಿಸಿ ಎತ್ತು ಮನೆಗೆ ಹೊಡೆಯಲು ಹೇಳಿದರು.